ಮೊದಲ ಕಾಲ

ಮಲ್ಲಿಕಟ್ಟೆಯಲ್ಲಿ ಮೆಡಿಕಲ್ಲಿನ ಮೇಲೆ ಝೆರಾಕ್ಸು,
ಝೆರಾಕ್ಸಿನ ಮೇಲೆ ನಮ್ಮ ಸಂಗೀತ ಶಾಲೆ.
ಲಿಫ್ಟು ಕೆಟ್ಟು ವರ್ಷವಾಯಿತು.
ಮಂಗಳವಾರ, ಶುಕ್ರವಾರ, ಸಂಜೆ ಐದಕ್ಕೆ
ಹನ್ನೊಂದು ಜೊತೆ ಪುಟ್ಟ ಚಪ್ಪಲಿಗಳ ಪಕ್ಕದಲ್ಲಿ
ಒಂದು ಜೊತೆ ದೊಡ್ಡದು, ಹಿಮ್ಮಡಿ ಸವೆದದ್ದು.

ಐತಪ್ಪಣ್ಣ. ಮೂವತ್ತೊಂದು ವರ್ಷ
ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತವರು.
ಕೂರುವುದೇ ಅವರಿಗೆ ಮೊದಲ ಪಾಠವಾಯಿತು.
ಮಂಡಿ ಮಡಚದು, ಪಿಟೀಲಿನ ತಲೆ ಪಾದದ ಮೇಲೆ ನಿಲ್ಲದು.
ಎರಡನೇ ವಾರ ಮನೆಯಿಂದ ದಿಂಬು ತಂದರು,
ಮೂರನೇ ವಾರ ಜೆನಿಟಾ ಅದರ ಮೇಲೆ ಕುಳಿತಿದ್ದಳು.

ಫೀಸು ಕೊಡುವಾಗ ನೋಟುಗಳನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಯಿಂದ ಒಂದೊಂದೇ ಎಳೆಯುತ್ತಾರೆ.
ನನ್ನಲ್ಲಿ ಚಿಲ್ಲರೆ ಇಲ್ಲದಿದ್ದರೆ ನಗುತ್ತಾರೆ:
"ಇಳಿಯುವಾಗ ಕೊಡಿ, ಟೀಚರ್."

ಏಳನೇ ಕ್ಲಾಸಿನಲ್ಲಿ ಅವರದೇ ಬಸ್ಸಿನಲ್ಲಿ
ಈ ಊರಿನ ಇನ್ನೊಂದು ಮಹಡಿಗೆ ಪಾಠಕ್ಕೆ ಹೋಗುತ್ತಿದ್ದೆ.
ನೂಕುನುಗ್ಗಲಲ್ಲಿ ಪೆಟ್ಟಿಗೆ ಇಸಿದುಕೊಂಡು
ಡ್ರೈವರಿನ ಹಿಂದೆ, ಇಂಜಿನ್ನಿನ ಬಿಸಿ ತಾಗದಲ್ಲಿ ಇಡುತ್ತಿದ್ದರು.
"ಎಂತ ಉಂಟು ಮಗಾ ಇದರೊಳಗೆ?" ಒಮ್ಮೆ ಕೇಳಿದ್ದರು.
ನಾನು ಬಾಯಿ ತೆರೆಯುವಷ್ಟರಲ್ಲಿ ಜ್ಯೋತಿ ಬಂದಿತ್ತು.
ಅವರಿಗದು ನೆನಪಿಲ್ಲ. ನಾನೂ ಹೇಳಿಲ್ಲ.

ಮಾಯಾಮಾಳವಗೌಳ ಎನ್ನಲು ನಾಲಿಗೆ ತಡವರಿಸುತ್ತದೆ,
ದಾರಿ ಮಾತ್ರ ತಪ್ಪುವುದಿಲ್ಲ.
ಸ ಸ್ಟೇಟ್‌ಬ್ಯಾಂಕ್. ರಿ ಹಂಪನಕಟ್ಟೆ,
ಅಷ್ಟು ಹತ್ತಿರಕ್ಕೆ ಯಾರೂ ಬಸ್ಸು ಹತ್ತುವುದಿಲ್ಲ.
ರಿಯಿಂದ ಗ ದೂರ, ಅಲ್ಲಿ ಬೆರಳಿಗೂ ಟಿಕೆಟು ಬೇಕು.
ಗ ಬಿಟ್ಟ ಕೂಡಲೇ ಮ.
ಪ ನಮ್ಮ ಮಲ್ಲಿಕಟ್ಟೆ. "ಇಲ್ಲಿ ಸ್ವಲ್ಪ ನಿಲ್ಲಬಹುದಲ್ಲ?"
ನಿಲ್ಲಬಹುದು ಐತಪ್ಪಣ್ಣ. ಪಂಚಮ ಅಲುಗದ ಸ್ವರ.

ಎರಡನೇ ಕಾಲದವರೆಗೆ ಬಂದರು.
ಮೂರನೆಯದಕ್ಕೆ ಕಮಾನು ಕೆಳಗಿಟ್ಟರು.
"ಹಿಂದಿನ ಬಸ್ಸಿಗೂ ನಮಗೂ ಎರಡೇ ನಿಮಿಷ, ಟೀಚರ್.
ಅಜ್ಜಿಯ ಒಂದು ಕಾಲು ಮೆಟ್ಟಿಲಲ್ಲಿರುವಾಗಲೇ
ರೈಟ್ ಪೋಯಿ ಅಂದವ ನಾನು.
ಮೂರನೇ ಕಾಲ ನನಗೆ ಗೊತ್ತುಂಟು. ಅದು ಬೇಡ."

ಸುಮ್ಮನಾದೆ. ವಿದ್ವತ್ತಿಗಾಗಿ ಮೂರನೇ ಕಾಲವನ್ನು
ಎಷ್ಟು ಉಜ್ಜಿದ್ದೆನೆಂದರೆ
ಈಗಲೂ ಅನ್ನ ಕಲಸುವಾಗ ಬೆರಳು ಓಡುತ್ತದೆ.
ಸರ್ಟಿಫಿಕೇಟು ಗೋಡೆಯಲ್ಲುಂಟು, ಮೂಲೆಗೆ ಬೂಷ್ಟು ಹತ್ತಿದೆ.
ಕಚೇರಿಗೆ ಕರೆಯುವವರು ವರ್ಷಕ್ಕೆ ಇಬ್ಬರು,
ಅದೂ ಪಕ್ಕವಾದ್ಯದವರು ಕೈಕೊಟ್ಟಾಗ.
ಜೂನಿಯರ್ ಯಾವಾಗ ಕಟ್ಟಿಸುತ್ತೀರಿ, ಅಮ್ಮಂದಿರು
ಮೆಟ್ಟಿಲಲ್ಲೇ ನಿಲ್ಲಿಸಿ ಕೇಳುತ್ತಾರೆ.
ಇವರೊಬ್ಬರು ಯಾವಾಗ ಎಂದು ಕೇಳಿದ್ದೇ ಇಲ್ಲ.

ಜುಲೈಯ ಒಂದು ಸಂಜೆ ಕರೆಂಟು ಹೋಗಿ
ಶ್ರುತಿಪೆಟ್ಟಿಗೆ ನಡುವಲ್ಲೇ ನಿಂತಿತು.
ಕತ್ತಲೆಯಲ್ಲಿ ಮಕ್ಕಳ ಗಲಾಟೆ.
ಐತಪ್ಪಣ್ಣ ಜೇಬಿನಿಂದ ಸೀಟಿ ತೆಗೆದು
ಮೆಲ್ಲಗೆ, ಯಾರನ್ನೂ ಇಳಿಸದ ಹಾಗೆ, ಊದಿದರು.
ಮಕ್ಕಳು ನಕ್ಕವು. ಅವರು ತಂತಿಯ ಮೇಲೆ ಒಂದು ಸ ಎಳೆದು,
ಮತ್ತೆ ಊದಿ, ಕಿವಿ ಕೊಟ್ಟರು.

"ಇದು ಸ ಅಲ್ಲ ಟೀಚರ್."
ಅಲ್ಲ.
"ಹಾಗಾದರೆ ನಿ?"
ನಿ ಕೂಡ ಅಲ್ಲ.
"ಮಾರಾಯ್ರೆ, ಮೂವತ್ತೊಂದು ವರ್ಷ
ಅಪಸ್ವರದಲ್ಲೇ ಬಸ್ಸು ಬಿಟ್ಟೆನಾ?"

ಗುರುಗಳು ಕೊಟ್ಟ ಇಪ್ಪತ್ತೆರಡು ಶ್ರುತಿಗಳನ್ನೂ ತಡವಿದೆ,
ಹೇಳಲಿಕ್ಕೆ ಒಂದೂ ಸಿಗಲಿಲ್ಲ. ಕರೆಂಟು ಬಂತು.
ಸೀಟಿಯನ್ನು ಅಂಗಿಯಂಚಿಗೆ ಒರೆಸಿ ಒಳಗಿಟ್ಟು
ಅವರು ಸ್ಟೇಟ್‌ಬ್ಯಾಂಕಿನಿಂದ ಮತ್ತೆ ಹೊರಟರು,
ಮೊದಲ ಕಾಲದಲ್ಲಿ.

ರಾತ್ರಿ ನನ್ನ ಬಸ್ಸಿನ ಕಂಡಕ್ಟರ್ ಹುಡುಗ ಊದಿದ.
ನಿ ದಾಟಿ, ಸ ಮುಟ್ಟದೆ,
ನಡುವೆ ಎಲ್ಲೋ ಒಂದು ಕೂದಲೆಳೆಯ ಜಾಗದಲ್ಲಿ.
ಬಸ್ಸು ನಿಂತಿತು.
ಇಳಿಯುವವರು ಇಳಿದರು.